ಬರೀ ಮಾತಿನಿಂದ ಸ್ವಭಾವ ತಿದ್ದೀತೇ?

ಪ್ರಶ್ನೆ: ನನ್ನ ತಂಗಿಗೆ 26 ವರ್ಷ. ಗೆಳತಿ ಒಮ್ಮೆ ಫೋನ್ ಎತ್ತದಿದ್ದರೆ ಮೇಲಿಂದ ಮೇಲೆ ಕರೆ ಮಾಡಿ, ಬೈದು, ಸ್ನೇಹವನ್ನೇ ಕಡಿದುಕೊಂಡು ರಾತ್ರಿಯೆಲ್ಲ ಅಳುತ್ತಾಳೆ. ತನಗೆ ತಾನೇ ಗಾಯ ಮಾಡಿಕೊಂಡದ್ದೂ ಉಂಟು. ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವೆಂದು ಹೇಳಿದ ವೈದ್ಯರು ಸ್ಕೀಮಾ ಥೆರಪಿ ಸೂಚಿಸಿದ್ದಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾಳೆ ನಮ್ಮವ್ವ. ಬರೀ ಮಾತಿನಿಂದ ಗುಣವಾದೀತೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ತಾಯಿಯವರ ಮಾತನ್ನು ಈ ಕಾಯಿಲೆಯ ಮಟ್ಟಿಗೆ ಒಪ್ಪಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಯಂಗ್ ಸ್ಕೀಮಾ ಥೆರಪಿಯನ್ನು ರೂಪಿಸಿದ್ದೇ ಸಾಮಾನ್ಯ ಕಾಗ್ನಿಟಿವ್ ಥೆರಪಿಯಿಂದ (ಯೋಚನೆಯ ಧಾಟಿಯನ್ನು ತಿದ್ದುವ ಮಾತಿನ ಚಿಕಿತ್ಸೆ) ಸಾಕಷ್ಟು ಪ್ರಯೋಜನ ಕಾಣದವರಿಗಾಗಿ. ಬಾಲ್ಯದಲ್ಲಿ ಭದ್ರತೆ, ಮಮತೆ ಬೇಕಾದಷ್ಟು ದೊರೆಯದಾಗ ಮಗು ತನ್ನ ಬಗೆಗೂ ಸುತ್ತಲಿನವರ ಬಗೆಗೂ ಬೆಳೆಸಿಕೊಳ್ಳುವ, ಮುಂದೆ ಬಾಳಿಗೇ ತೊಡಕಾಗುವ ಆಳವಾದ ಭಾವನೆ-ನಂಬಿಕೆಗಳನ್ನು ಅವರು ಸ್ಕೀಮಾ ಎಂದು ಕರೆದು, ಅಂಥ 18 ಬಗೆಗಳನ್ನು ಗುರುತಿಸಿದ್ದಾರೆ. ‘ನನ್ನವರು ನನ್ನನ್ನು ಬಿಟ್ಟುಹೋಗುತ್ತಾರೆ’ ಎಂಬುದು ಅವುಗಳಲ್ಲೊಂದು. ಗೆಳತಿ ಎತ್ತದ ಫೋನು ನಿಮ್ಮ ತಂಗಿಯಲ್ಲಿ ಕೆಣಕುವುದು ಬಹುಶಃ ಇದನ್ನೇ. ಹಾಗೆಂದು ತಪ್ಪನ್ನೆಲ್ಲ ಹೆತ್ತವರ ತಲೆಗೆ ಕಟ್ಟಬೇಕಿಲ್ಲ, ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವದ ಪಾಲೂ ಇರುತ್ತದೆ.

ಇದು ಬುದ್ಧಿವಾದ ಹೇಳುವ ಚಿಕಿತ್ಸೆಯಲ್ಲ. ಎದುರಿಗೆ ಖಾಲಿ ಕುರ್ಚಿಯೊಂದನ್ನಿಟ್ಟು, ‘ನೀನು ಯಾರಿಗೂ ಬೇಡವಾದವಳು’ ಎಂದು ಒಳಗಿನಿಂದ ಗದರುವ ದನಿಯನ್ನು ಅಲ್ಲಿ ಕೂತು ಆಡಿತೋರಿಸಲು ಚಿಕಿತ್ಸಕರು ಹೇಳುತ್ತಾರೆ. ಬಳಿಕ ಆಕೆ ತನ್ನ ಜಾಗಕ್ಕೆ ಮರಳಿ ಅದಕ್ಕೆ ಉತ್ತರ ಕೊಡಬೇಕು. ಉತ್ತರ ಬಾರದೆ ಗಂಟಲು ಕಟ್ಟಿದರೆ ಮೊದಮೊದಲು ಚಿಕಿತ್ಸಕರೇ ಆಕೆಯ ಪರವಾಗಿ ಆ ಕುರ್ಚಿಯನ್ನು ದಬಾಯಿಸುವುದುಂಟು. ಕಣ್ಣು ಮುಚ್ಚಿ ನೋವಿನ ನೆನಪೊಂದನ್ನು ತಂದುಕೊಂಡು, ಅಂದಿನ ಮಗುವಿಗೆ ಯಾರೋ ಆಸರೆಯಾದಂತೆ ಅದನ್ನು ಕಲ್ಪನೆಯಲ್ಲಿ ತಿದ್ದುವ ಕ್ರಮವೂ ಇದೆ. ವೃತ್ತಿಯ ಎಲ್ಲೆ ಮೀರದೆ ಚಿಕಿತ್ಸಕರು ನೀಡುವ ಈ ಪೋಷಕರಂಥ ಆಸರೆಯೇ, ನನ್ನ ದೃಷ್ಟಿಯಲ್ಲಿ, ಪದ್ಧತಿಯ ಜೀವಾಳ.

ನೆದರ್ಲೆಂಡ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೆರಡು ಸಲದಂತೆ 3 ವರ್ಷ ಈ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 45 ಮಂದಿ ಚೇತರಿಸಿಕೊಂಡರು; ಹೋಲಿಕೆಗೆ ಆರಿಸಿದ ಇನ್ನೊಂದು ಚಿಕಿತ್ಸೆಗಿಂತ ನಡುವೆ ಬಿಟ್ಟುಹೋದವರೂ ಕಡಿಮೆ. ಆದ್ದರಿಂದ ‘ಎರಡು ತಿಂಗಳಾಯಿತು, ಏನೂ ಫರಕಾಗಿಲ್ಲ’ ಎಂದು ಮನೆಯವರು ಆಕೆಯನ್ನು ಹಂಗಿಸದಿರುವುದು ಒಳಿತು. ವ್ಯಕ್ತಿತ್ವ ದೋಷಕ್ಕೆಂದೇ ಮಾತ್ರೆಯಿಲ್ಲ. ಜತೆಗಿರುವ ಖಿನ್ನತೆಗೆ ಕೊಟ್ಟಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಈ ಪದ್ಧತಿಯಲ್ಲಿ ತರಬೇತಿ ಪಡೆದವರು ಎಲ್ಲೆಡೆ ಸಿಗುವುದಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಕ್ಲಿನಿಕಲ್ ಸೈಕಾಲಜಿ ವಿಭಾಗದಲ್ಲಿ ವಿಚಾರಿಸಿ. ಆಕೆ ಮತ್ತೆ ಗಾಯ ಮಾಡಿಕೊಳ್ಳುವ ಮಾತಾಡಿದರೆ ಒಂಟಿಯಾಗಿ ಬಿಡದೆ, ಹಗಲು ರಾತ್ರಿ ಲಭ್ಯವಿರುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ.