ಒಸಾಕಾದಲ್ಲಿ ಒಂದೇ ರಾತ್ರಿ ನಾಲ್ಕೈದು ಬಾರ್ ಸುತ್ತಬಹುದಾ? ಭಾಷೆ ಬರಲ್ಲ, ಮಾಂಸ ತಿನ್ನಲ್ಲ

ಒಸಾಕಾದಲ್ಲಿ ಒಂದು ಸಂಜೆ ಬಿಡುವಿದೆ, ಒಬ್ಬನೇ ನಾಲ್ಕೈದು ಬಾರ್ ಸುತ್ತಬೇಕು, ಜಪಾನಿ ಭಾಷೆ ಬರಲ್ಲ, ಮಾಂಸ ಮೀನು ತಿನ್ನಲ್ಲ, ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತದೆ. ಭಾಷೆಯದ್ದು ದೊಡ್ಡ ತೊಂದರೆಯಲ್ಲ. ಊಟದ್ದೇ ಸ್ವಲ್ಪ ಕಷ್ಟ. ಅದನ್ನು ಮುಂದೆ ಹೇಳುತ್ತೇನೆ.

ಕಂಪನಿ ಕೆಲಸದ ಮೇಲೆ ನಾನು ಅಲ್ಲಿ ಮೂರು ತಿಂಗಳಿದ್ದೆ. ಒಂದು ಮಂಗಳವಾರ ಸಂಜೆ ಆಫೀಸಿನ ಹಿರಿಯರೊಬ್ಬರು ನನ್ನನ್ನು ಕರೆದುಕೊಂಡು ಹೊರಟರು. ಹೀಗೆ ಅಂಗಡಿಯಿಂದ ಅಂಗಡಿಗೆ ಕುಡಿಯುತ್ತಾ ಹೋಗುವುದಕ್ಕೆ ಅವರು 'ಹಾಶಿಗೊ ಜಾಕೆ' ಅನ್ನುತ್ತಾರೆ. ಹಾಶಿಗೊ ಅಂದರೆ ಏಣಿ. ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ. ಇಳಿಯುವುದು ಹೇಗೆ ಅಂತ ಆ ಪದದಲ್ಲಿ ಇಲ್ಲ.

ಎಣ್ಣೆಗೆ ಮೊದಲು ಅವರು ನನ್ನನ್ನು ನಿಲ್ಲಿಸಿದ್ದು ಸ್ಟೇಷನ್ ಪಕ್ಕದ ಸಣ್ಣ ಅಂಗಡಿಯಲ್ಲಿ. ಬೆರಳುದ್ದದ ಎರಡು ಡಬ್ಬಿ ತೆಗೆದುಕೊಂಡು ಒಂದನ್ನು ನನ್ನ ಕೈಗಿಟ್ಟರು. 'ಉಕೊನ್ ನೊ ಚಿಕಾರಾ'. ಅರ್ಥ ಕೇಳಿದೆ. ಅರಿಶಿನದ ಶಕ್ತಿ! ಕುಡಿಯುವ ಮುಂಚೆ ಇದನ್ನು ಕುಡಿದರೆ ಬೆಳಿಗ್ಗೆ ತಲೆ ಭಾರ ಇರಲ್ಲ ಅನ್ನುವುದು ಅಲ್ಲಿಯವರ ನಂಬಿಕೆ. ಕೆಮ್ಮು ಬಂದಾಗ ಅಜ್ಜಿ ಕುಡಿಸುತ್ತಿದ್ದ ಅರಿಶಿನದ ಹಾಲು ನೆನಪಾಯಿತು. ಆಮೇಲೆ ಕುಡಿಯುತ್ತೇನೆ ಅಂತ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡೆ.

ಹೋಗಿದ್ದು ತೆನ್ಮಾ ಅನ್ನುವ ಜಾಗಕ್ಕೆ. ಒಸಾಕಾ ಸ್ಟೇಷನ್ನಿನಿಂದ ಲೂಪ್ ಲೈನ್ ರೈಲಿನಲ್ಲಿ ಒಂದೇ ಒಂದು ಸ್ಟಾಪು. ಪಕ್ಕದಲ್ಲೇ ತೆಂಜಿನ್‌ಬಾಶಿ ಪೇಟೆ. ಮೇಲೆ ಸೂರು ಹಾಕಿದ ಈ ಪೇಟೆಬೀದಿ ಸುಮಾರು 2.6 ಕಿಲೋಮೀಟರ್ ಉದ್ದವಿದೆ. ಅದರ ಅಕ್ಕಪಕ್ಕದ ಗಲ್ಲಿಗಳಲ್ಲಿ ಹತ್ತು ಜನ ಹಿಡಿದರೆ ಹೆಚ್ಚು ಅನ್ನುವಂಥ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಲ್ಲರೂ ಹೇಳುವ ದೋತೊಂಬೊರಿಯನ್ನು ಕಾಲುವೆ, ದೀಪ, ಫೋಟೊಗೆ ಇಟ್ಟುಕೊಳ್ಳಿ. ಕುಡಿಯುವುದಕ್ಕೆ ತೆನ್ಮಾ ವಾಸಿ. ಬೀದಿಯಲ್ಲಿ ನಿಂತು ಕೈಹಿಡಿದು ಕರೆಯುವವರ ಹಿಂದೆ ಮಾತ್ರ ಎಲ್ಲೂ ಹೋಗಬೇಡಿ. ಬಿಲ್ ನೋಡಿದ ಕೂಡಲೇ ಏರಿದ್ದೆಲ್ಲ ಇಳಿಯುತ್ತದೆ.

ಮೊದಲ ಅಂಗಡಿ 'ತಾಚಿನೊಮಿ'. ಅಂದರೆ ನಿಂತು ಕುಡಿಯುವುದು. ನಮ್ಮ ಎಂಆರ್‌ಪಿ ಅಂಗಡಿ ಮುಂದೆ ನಿಲ್ಲುತ್ತಾರಲ್ಲ, ಅದೇ, ಆದರೆ ಕ್ಲೀನು. ಎದುರಿಗೆ ಒಂದು ಸಣ್ಣ ಬುಟ್ಟಿ ಇಟ್ಟರು. ಅದಕ್ಕೆ 2,000 ಯೆನ್ ಹಾಕಿ ಅಂದರು ನಮ್ಮ ಹಿರಿಯರು. ಒಂದೊಂದು ಗ್ಲಾಸು ಕೊಟ್ಟಾಗಲೂ ಅಂಗಡಿಯವರೇ ಅದರಿಂದ ದುಡ್ಡು ತೆಗೆದುಕೊಂಡು ಚಿಲ್ಲರೆ ವಾಪಸ್ ಹಾಕುತ್ತಾರೆ. ಬುಟ್ಟಿ ಖಾಲಿಯಾದರೆ ಹೊರಡಬೇಕು ಅಂತ ಲೆಕ್ಕ. ನನಗೆ ಈ ಪದ್ಧತಿ ಬಹಳ ಇಷ್ಟವಾಯಿತು. ಒಂದು ಬಿಯರು, ಒಂದು ತಟ್ಟೆ ಎದಮಾಮೆ (ಸಿಪ್ಪೆ ಸಮೇತ ಬೇಯಿಸಿದ ಸೋಯಾ ಕಾಯಿ, ನಮ್ಮ ಬೇಯಿಸಿದ ಕಡ್ಲೆಕಾಯಿ ಥರ ಬಿಡಿಸಿ ತಿನ್ನಬೇಕು), ಇಪ್ಪತ್ತೈದು ನಿಮಿಷ, ಎದ್ದೆವು. ಎದ್ದೆವು ಅನ್ನುವುದೂ ತಪ್ಪು, ಕೂತೇ ಇರಲಿಲ್ಲ.

ಇದೇ ನೋಡಿ ಕಲಿಯಬೇಕಾದದ್ದು. ನಾವು ಒಂದು ಕಡೆ ಕೂತರೆ ಲೈಟ್ ಆರಿಸುವವರೆಗೂ ಏಳುವವರಲ್ಲ. ಅಲ್ಲಿ ಒಂದು ಅಂಗಡಿಗೆ ಒಂದು ಗ್ಲಾಸು, ಹೆಚ್ಚೆಂದರೆ ಎರಡು, ನಂಚಿಕೊಳ್ಳಲು ಒಂದು ತಟ್ಟೆ, ಅಷ್ಟೇ. ಬೇಗ ಎದ್ದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಹೊರಗೆ ಕಾಯುತ್ತಿರುವವರಿಗೆ ಜಾಗ ಸಿಗುತ್ತದೆ.

ಎರಡನೆಯದರಲ್ಲಿ ಸಾಕೆ. ಅಕ್ಕಿಯಿಂದ ಮಾಡುವ ಮದ್ಯ, ಶೇಕಡಾ 15ರಷ್ಟು ಆಲ್ಕೋಹಾಲ್ ಇರುತ್ತದೆ. ಅಂಗಡಿಯಾಕೆಗೆ ಅರವತ್ತು ದಾಟಿರಬೇಕು. ಒಂದು ಚೌಕದ ಮರದ ಡಬ್ಬಿಯೊಳಗೆ ಗ್ಲಾಸು ಇಟ್ಟು, ದೊಡ್ಡ ಬಾಟಲಿಯನ್ನು ಎರಡೂ ಕೈಲಿ ಹಿಡಿದು ಸುರಿಯತೊಡಗಿದರು. ಗ್ಲಾಸು ತುಂಬಿತು. ನಿಲ್ಲಿಸಲಿಲ್ಲ. ಅಂಚಿನ ಮೇಲೆ ಉಬ್ಬಿ ನಿಂತಿತು, ಆಮೇಲೆ ಹರಿದು ಡಬ್ಬಿಯೊಳಗೆ ಇಳಿಯಿತು. ಡಬ್ಬಿಯೂ ಅರ್ಧ ತುಂಬಿದ ಮೇಲೆ ಬಾಟಲಿ ನೆಟ್ಟಗಾಯಿತು. ಗ್ಲಾಸು ಎತ್ತುವ ಹಾಗಿಲ್ಲ, ಎತ್ತಿದರೆ ಚೆಲ್ಲುತ್ತದೆ. ಹಿರಿಯರು ತಲೆ ಬಗ್ಗಿಸಿ ಬಾಯಿಯನ್ನೇ ಗ್ಲಾಸಿನ ಹತ್ತಿರ ಒಯ್ದರು. ನಾನೂ ಹಾಗೇ ಮಾಡಿದೆ. ಡಬ್ಬಿಯಲ್ಲಿ ನಿಂತದ್ದೂ ನಮ್ಮದೇ, ಗ್ಲಾಸು ಖಾಲಿಯಾದ ಮೇಲೆ ಅದಕ್ಕೆ ಸುರಿದುಕೊಂಡು ಕುಡಿಯಬಹುದು. ಬಟ್ಟಲಿಗೆ ಚೆಲ್ಲಿದ ಫಿಲ್ಟರ್ ಕಾಫಿಯನ್ನು ಮತ್ತೆ ಲೋಟಕ್ಕೆ ಹಾಕಿಕೊಳ್ಳುವವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಮಜಾ: ಸಾಕೆ ಅಳೆಯುವುದು 'ಗೊ' ಲೆಕ್ಕದಲ್ಲಿ. ಒಂದು ಗೊ ಅಂದರೆ 180 ಎಂಎಲ್. ನಮ್ಮ ಕ್ವಾರ್ಟರ್!

ಈಗ ಊಟದ ಮಾತು. ಮೂರನೆಯದು ಕುಶಿಕಾತ್ಸು ಅಂಗಡಿ. ಕಡ್ಡಿಗೆ ಚುಚ್ಚಿ, ಹಿಟ್ಟು ಮತ್ತು ಬ್ರೆಡ್ ಪುಡಿ ಹಚ್ಚಿ ಕರಿದದ್ದು. ಈರುಳ್ಳಿ, ತಾವರೆ ಬೇರು, ಅಣಬೆ, ಎಲ್ಲ ಸಿಗುತ್ತದೆ. ಕೆಂಪು ಉಪ್ಪಿನಕಾಯಿ ಶುಂಠಿಯದ್ದಂತೂ ನಮ್ಮ ಬಜ್ಜಿಯ ದಾಯಾದಿ. ಸಾಸ್ ಎಲ್ಲರಿಗೂ ಒಂದೇ ಡಬ್ಬಿಯಲ್ಲಿದ್ದರೆ ಕಡ್ಡಿಯನ್ನು ಒಮ್ಮೆ ಮಾತ್ರ ಅದ್ದಬೇಕು. ಕಚ್ಚಿದ ಮೇಲೆ ಮತ್ತೆ ಅದ್ದಬಾರದು, ಇದು ಒಸಾಕಾದ ಕಟ್ಟುನಿಟ್ಟಿನ ನಿಯಮ. ನಮ್ಮ ಎಂಜಲಿನ ಲೆಕ್ಕವೇ. ನಾನು ಖುಷಿಯಾಗಿ ಏಳು ಕಡ್ಡಿ ಮುಗಿಸಿದೆ. ಅಂಥ ಅನೇಕ ಅಂಗಡಿಗಳಲ್ಲಿ ಕರಿಯುವ ಎಣ್ಣೆಗೆ ದನದ ಕೊಬ್ಬು ಬೆರೆಸುತ್ತಾರೆ ಅಂತ ಗೊತ್ತಾಗಿದ್ದು ಒಂದು ವಾರದ ನಂತರ. ಸಾರು, ಬೇಯಿಸಿದ ತರಕಾರಿ, ಮೊಟ್ಟೆಯ ರೋಲ್, ಇವುಗಳಲ್ಲೂ ಸಾಮಾನ್ಯವಾಗಿ 'ದಾಶಿ' ಇರುತ್ತದೆ, ಅಂದರೆ ಒಣಮೀನಿನ ರಸ. ನೀವು ಕಟ್ಟುನಿಟ್ಟಾದರೆ ಎದಮಾಮೆ, ಹಸಿ ಸೌತೆಕಾಯಿ, ಕಡ್ಲೆಬೀಜ ಇಷ್ಟಕ್ಕೇ ನಿಲ್ಲಿ. ತಣ್ಣನೆಯ ತೋಫು ಕೇಳಿದರೆ ಮೇಲೆ ಮೀನಿನ ಚೂರು ಉದುರಿಸುತ್ತಾರೆ, ಬೇಡ ಅಂತ ಮೊದಲೇ ಹೇಳಬೇಕು. ಇದನ್ನೆಲ್ಲ ಜಪಾನಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಳ್ಳಿ. ಮತ್ತೆ, ಹೋಟೆಲಿನಲ್ಲಿ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೊರಡಿ.

ನಾಲ್ಕನೆಯದರಲ್ಲಿ ಪೇಚಿಗೆ ಬಿದ್ದೆ. ಆರು ಸ್ಟೂಲಿನ ಅಂಗಡಿ. ಕೂತ ಕೂಡಲೇ ಕೇಳದೆಯೇ ಒಂದು ಪುಟ್ಟ ಬಟ್ಟಲು ಬಂತು, ಸಣ್ಣ ಮೀನು ಹಾಕಿದ ಸೊಪ್ಪು. ನಾನು ಕೈಮುಗಿದು ಬೇಡ ಅಂತ ವಾಪಸ್ ಕೊಟ್ಟೆ. ಬಿಲ್‌ನಲ್ಲಿ 400 ಯೆನ್ ಹಾಗೇ ಇತ್ತು. ಮೋಸ ಅಂತ ಮುಖ ಕೆಂಪಾಯಿತು. ಹಿರಿಯರು ನಕ್ಕುಬಿಟ್ಟರು. ಅದು 'ತ್ಸುಕಿದಾಶಿ', ಟೋಕಿಯೊ ಕಡೆ 'ಓತೋಶಿ' ಅನ್ನುತ್ತಾರೆ. ತಿಂದರೂ ಬಿಟ್ಟರೂ ಅದು ಕೂತ ಜಾಗದ ಬಾಡಿಗೆ. ಅದರ ಬದಲು ಟಿಪ್ಸ್ ಅನ್ನುವ ಬಾಬತ್ತೇ ಅಲ್ಲಿಲ್ಲ. ನಾನು ಹೋದಾಗ 100 ಯೆನ್ ಅಂದರೆ ಸುಮಾರು 55 ರೂಪಾಯಿ, ಐದು ಅಂಗಡಿಗೂ ಸೇರಿ ನನ್ನ ಪಾಲು 7,000 ಯೆನ್ ಒಳಗೇ ಮುಗಿಯಿತು. ನೋಟು, ಚಿಲ್ಲರೆ ಎರಡೂ ಇರಲಿ. ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ ಅಂತ ನಂಬಬೇಡಿ.

ಭಾಷೆ ಬಗ್ಗೆ ಕೇಳಿದ್ರಲ್ಲ. ಆಮೇಲೆ ಎರಡು ಸಲ ಒಬ್ಬನೇ ಹೋದೆ. ಪರದೆ ಸರಿಸಿ ಒಂದು ಬೆರಳು ತೋರಿಸಿ 'ಹಿತೋರಿ' ಅಂದರೆ 'ಒಬ್ಬನೇ' ಅಂತ. ಅವರು ಎರಡು ಕೈ ಅಡ್ಡ ಇಟ್ಟು ಗುಣಾಕಾರ ತೋರಿಸಿದರೆ ಜಾಗ ಇಲ್ಲ, ಮುಂದಿನ ಅಂಗಡಿ ನೋಡಿ. ಪಕ್ಕದವರ ಗ್ಲಾಸು ತೋರಿಸಿ 'ಓನಾಜಿ' ಅಂದರೆ ಅದೇ ಬರುತ್ತದೆ. ಹೊರಡುವಾಗ 'ಗೊಚಿಸೋಸಾಮಾ' ಅನ್ನಿ, ಕೊಟ್ಟದ್ದಕ್ಕೆ ಥ್ಯಾಂಕ್ಸ್ ಅಂತ. ಒಸಾಕಾದವರು ಮಾತುಗಾರರು, ಊರು ಯಾವುದು ಅಂತ ತಾವೇ ಕೇಳುತ್ತಾರೆ. ಒಬ್ಬನೇ ಹೋದ ದಿನವೇ ನಾನು ಜಾಸ್ತಿ ಮಾತಾಡಿದ್ದು. ಶುಕ್ರವಾರ ಮಾತ್ರ ಬೇಡ, ನಿಲ್ಲಲೂ ಜಾಗ ಇರಲ್ಲ.

ಕೊನೆಯ ರೈಲು ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೋಗುತ್ತದೆ, ಆಮೇಲೆ ಬೆಳಿಗ್ಗೆ ಐದರವರೆಗೆ ಏನೂ ಇಲ್ಲ. ಟ್ಯಾಕ್ಸಿಗೆ ರಾತ್ರಿ ದರ ಬೇರೆ. ನಾವು ಐದನೆಯದರಲ್ಲಿ ಹೈಬಾಲ್ (ಸೋಡಾ ಬೆರೆಸಿದ ವಿಸ್ಕಿ) ಕುಡಿಯುತ್ತಾ ಹೊತ್ತು ನೋಡದೆ, ಕೊನೆಗೆ ಪ್ಲಾಟ್‌ಫಾರ್ಮಿಗೆ ಓಡಿ ಹತ್ತಿದೆವು. ಮಾರನೆ ದಿನ ಒಂಬತ್ತಕ್ಕೆ ಮೀಟಿಂಗು. ತಲೆ ಹಿಡಿದುಕೊಂಡು ಹೋದರೆ ಹಿರಿಯರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಆಗಲೇ ಕೆಲಸ ಶುರುಮಾಡಿದ್ದರು. ಕೋಟಿನ ಜೇಬಿಗೆ ಕೈ ಹಾಕಿದೆ. ಅರಿಶಿನದ ಡಬ್ಬಿ ಮುಚ್ಚಳ ಕೂಡ ತೆಗೆಯದೆ ಹಾಗೇ ಇತ್ತು.