ಅಂಗಡಿ ಕೆಲಸವನ್ನೇ ವ್ಯಾಯಾಮ ಮಾಡಿಕೊಳ್ಳುವುದು ಹೇಗೆ?

ನೀವು ಕೇಳಿರುವುದು ಇಷ್ಟು: ದಾವಣಗೆರೆಯಲ್ಲಿ ಕಿರಾಣಿ ಅಂಗಡಿ, ವಯಸ್ಸು 41. ಬೆಳಿಗ್ಗೆ 6ಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ 9:30ಕ್ಕೆ. ನಡುವೆ ಸ್ವಲ್ಪ ಹೊತ್ತು ಹೆಂಡತಿ ಗಲ್ಲಾದಲ್ಲಿ ಕೂರುತ್ತಾರೆ. ವಾಕಿಂಗ್‌ಗೆ ಬಿಡುವಿಲ್ಲ, ಹೊಟ್ಟೆ ಬರುತ್ತಿದೆ. ದಿನವಿಡೀ ಚೀಲ ಎತ್ತಿಳಿಸುವುದೇ ವ್ಯಾಯಾಮ ಆಗುವುದಿಲ್ಲವೇ?

ಆಗುತ್ತದೆ, ಆದರೆ ಈಗ ನಡೆಯುತ್ತಿರುವ ರೀತಿಯಲ್ಲಿ ಅಲ್ಲ. ದುಡಿದು ದಣಿಯುವುದು ಬೇರೆ, ಮೈ ಪಳಗುವುದು ಬೇರೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯ ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳ ಸಿಬ್ಬಂದಿಯನ್ನು ಹೋಲಿಸಿ ನೋಡಿದರು. ಕೂತೇ ಇರುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಕೆಲಸದಿಂದಲೇ ಆರೋಗ್ಯ ಬರುತ್ತದೆ ಎನ್ನುವುದಕ್ಕೆ ಇದು ಹಳೆಯ ಆಧಾರ. ಆಮೇಲೆ ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತವರ ಸಂಗಡಿಗರು ಇನ್ನೊಂದು ಮುಖ ತೋರಿಸಿದರು. ಬಿಡುವಿನಲ್ಲಿ ವ್ಯಾಯಾಮ ಮಾಡುವವರಿಗೆ ಸಿಗುವ ಲಾಭ, ದಿನವೆಲ್ಲ ಭಾರದ ಕೆಲಸ ಮಾಡುವವರಿಗೆ ಸಿಗುವುದಿಲ್ಲ. ಅವರು ಕೊಡುವ ಕಾರಣಗಳು ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಅರ್ಥವಾಗುವಂಥವು. ಕೆಲಸ ಉದ್ದ, ಆದರೆ ಎದೆಬಡಿತ ಏರುವಷ್ಟು ಚುರುಕಿಲ್ಲ. ಭಾರ ಎತ್ತಿದಾಗಲೆಲ್ಲ ಬಿಪಿ ಏರುತ್ತದೆ. ನಡುವೆ ಸುಧಾರಿಸಿಕೊಳ್ಳಲು ಹೊತ್ತಿಲ್ಲ. ತೂಕವೂ ವೇಗವೂ ದುಡಿಯುವವರ ಕೈಯಲ್ಲಿಲ್ಲ.

ಕೊನೆಯ ಕಾರಣವನ್ನು ಇನ್ನೊಮ್ಮೆ ಓದಿ. ಹಮಾಲಿ ಮಾಡುವವರಿಗೆ ಆ ಆಯ್ಕೆ ಇಲ್ಲ, ಮಾಲೀಕರಾದ ನಿಮಗಿದೆ. ಯಾವ ಚೀಲ, ಎಷ್ಟು ತೂಕ, ಯಾವ ಹೊತ್ತು, ನಡುವೆ ಎಷ್ಟು ಬಿಡುವು ಎಂಬುದನ್ನು ನೀವೇ ಗೊತ್ತು ಮಾಡಬಹುದು. ಹಾಗಾಗಿ ಅಂಗಡಿಯ ಎಲ್ಲ ಕೆಲಸವನ್ನೂ ವ್ಯಾಯಾಮ ಎಂದುಕೊಳ್ಳಬೇಡಿ. ಎರಡು ಮೂರು ಕೆಲಸ ಆರಿಸಿ ಅವನ್ನು ಕ್ರಮವಾಗಿ ಮಾಡಿ, ಉಳಿದವನ್ನು ಆದಷ್ಟು ಸುಲಭ ಮಾಡಿಕೊಳ್ಳಿ.

ಎಷ್ಟು ಬೇಕು ಎನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇದೆ: ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಚುರುಕಿನ ಚಟುವಟಿಕೆ, ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ಏದುಸಿರು ಬಂದರೆ ಅದು ಸಾಧಾರಣ ಚುರುಕು. ಹಳೆಯ ಮಾರ್ಗಸೂಚಿಯಲ್ಲಿ ಒಂದೊಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಬೇಕು ಎಂದಿತ್ತು. ಈಗ ಆ ಷರತ್ತಿಲ್ಲ. ಗಿರಾಕಿಗಳ ನಡುವೆ ಬದುಕುವ ನಿಮಗೆ ಇದು ದೊಡ್ಡ ಅನುಕೂಲ, ಏಕೆಂದರೆ ಐದು ಐದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಆ 150 ನಿಮಿಷಕ್ಕೆ ನಾನು ಆರಿಸುವುದು ಮನೆಗೆ ಸಾಮಾನು ಮುಟ್ಟಿಸುವ ಕೆಲಸವನ್ನು, ಅದೂ ಸೈಕಲ್ಲಿನಲ್ಲಿ. ದಿನಕ್ಕೆ ಎರಡು ಸುತ್ತು, ಸುತ್ತಿಗೆ 15 ನಿಮಿಷ, ವಾರಕ್ಕೆ ಐದು ದಿನ ಅಂದರೆ ಸರಿಯಾಗಿ 150. ಗಂಟೆಗೆ 12 ಕಿಮೀ ವೇಗದಲ್ಲಿ 15 ನಿಮಿಷಕ್ಕೆ 3 ಕಿಮೀ ಆಗುತ್ತದೆ, ಅಂದರೆ ಅಂಗಡಿಯಿಂದ ಒಂದೂವರೆ ಕಿಮೀ ದೂರದ ಮನೆಗಳವರೆಗೆ. ದಾವಣಗೆರೆ ಬಹುಪಾಲು ಸಮತಟ್ಟು ಊರು, ಗೇರ್ ಇಲ್ಲದ ಸೈಕಲ್ ಸಾಕು. ಪೆಟ್ರೋಲಿನ ಉಳಿತಾಯ ದೊಡ್ಡದಲ್ಲ. ದಿನಕ್ಕೆ 6 ಕಿಮೀ ಅಂದರೆ ಸ್ಕೂಟರಿಗೆ ಹದಿನೈದು ರೂಪಾಯಿ ಆಸುಪಾಸು. ವ್ಯಾಪಾರಕ್ಕೆ ಆಗುವ ನಿಜವಾದ ಲಾಭ ಬೇರೆ: ಹೊತ್ತಿಗೆ ಸರಿಯಾಗಿ ಸಾಮಾನು ಬರುತ್ತದೆಂದು ಗೊತ್ತಾದ ಮನೆಯವರು ತಿಂಗಳ ಚೀಟಿಯನ್ನು ಇನ್ನೊಂದು ಅಂಗಡಿಗೆ ಒಯ್ಯುವುದಿಲ್ಲ.

ಇಲ್ಲಿ ಎಲ್ಲರೂ ಎಡವುವುದು ಹೊತ್ತಿನ ವಿಷಯದಲ್ಲಿ. ಆರ್ಡರ್ ಬಂದಾಗಲೆಲ್ಲ ಓಡಿದರೆ ಅಂಗಡಿ ಕೆಡುತ್ತದೆ, ವಾರದೊಳಗೆ ಮತ್ತೆ ಸ್ಕೂಟರ್ ಹತ್ತುತ್ತೀರಿ. 11 ಗಂಟೆ ಮತ್ತು 5 ಗಂಟೆ ಎಂದು ಎರಡು ಹೊತ್ತು ಗೊತ್ತು ಮಾಡಿ. 10:30ರೊಳಗೆ ವಾಟ್ಸ್‌ಆ್ಯಪ್‌ಗೆ ಚೀಟಿ ಹಾಕಿದವರಿಗೆ ಮೊದಲ ಸುತ್ತು, ಆಮೇಲಿನವರಿಗೆ ಎರಡನೆಯದು. ಬೆಳಗಿನ ರಶ್ ಮುಗಿದು ಸಂಜೆಯದು ಶುರುವಾಗುವ ಮೊದಲಿನ ಹೊತ್ತುಗಳಿವು. ಏಪ್ರಿಲ್-ಮೇ ಬಿಸಿಲಿನಲ್ಲಿ ಮೊದಲ ಸುತ್ತನ್ನು 9:30ಕ್ಕೆ, ಎರಡನೆಯದನ್ನು 5:30ಕ್ಕೆ ಸರಿಸಿ.

ಸೈಕಲ್ ಹಳೆಯ ಮಾದರಿಯದೇ ಇರಲಿ: ದಪ್ಪ ಕಬ್ಬಿಣದ ಕ್ಯಾರಿಯರ್, ಹಿಂದಿನ ಚಕ್ರಕ್ಕೆ 40 ಕಡ್ಡಿ, ಎರಡು ಕಾಲಿನ ಅಗಲ ಸ್ಟ್ಯಾಂಡ್. ಸ್ಪ್ರಿಂಗ್ ಇರುವ ಫ್ಯಾಷನ್ ಸೈಕಲ್ಲಿಗೆ ಗಟ್ಟಿ ಕ್ಯಾರಿಯರ್ ಕೂರುವುದಿಲ್ಲ. ಲೇಡೀಸ್ ಸೈಕಲ್ ಆದರೆ ಇನ್ನೂ ಒಳ್ಳೆಯದು. ಹಿಂದೆ ಸಾಮಾನು ಎತ್ತರಕ್ಕೆ ಕಟ್ಟಿದಾಗ ಹಿಂದಿನಿಂದ ಕಾಲು ಬೀಸಿ ಹತ್ತಲಾಗುವುದಿಲ್ಲ, ನಡುವೆ ಅಡ್ಡ ಪೈಪ್ ಇಲ್ಲದಿದ್ದರೆ ಮುಂದಿನಿಂದಲೇ ಹತ್ತಬಹುದು. ಹೊರೆ 20 ಕೆಜಿ ಮೀರದಿರಲಿ. ಕ್ಯಾರಿಯರಿನ ಎರಡೂ ಬದಿ ಗೋಣಿಚೀಲ ಇಳಿಬಿಟ್ಟು ಎಡಕ್ಕೆ 10 ಕೆಜಿ ಅಕ್ಕಿ ಹಾಕಿದರೆ ಬಲಕ್ಕೆ ಎಣ್ಣೆ, ಬೇಳೆ, ಸಕ್ಕರೆ ಸೇರಿ ಅಷ್ಟೇ ತೂಕ ಬರಬೇಕು. ಮೇಲೆ ಬಿಸ್ಕತ್ತು, ಮಂಡಕ್ಕಿಯಂಥ ಹಗುರ ಸಾಮಾನು ಮಾತ್ರ. ಕಟ್ಟಲು ಹಗ್ಗಕ್ಕಿಂತ ಹಳೆಯ ಟ್ಯೂಬ್ ಸೀಳಿದ ಪಟ್ಟಿ ವಾಸಿ. ಗುಂಡಿಯಲ್ಲಿ ಎಗರಿದಾಗ ಹಗ್ಗ ಸಡಿಲವಾಗುತ್ತದೆ, ರಬ್ಬರ್ ಬಿಗಿದೇ ಇರುತ್ತದೆ.

ಸೀಟಿನ ಎತ್ತರ ಹೇಳಲೇಬೇಕು, ಏಕೆಂದರೆ ಅದು ತಪ್ಪಿದರೆ ಮಂಡಿ ನೋವು ಬರುತ್ತದೆ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟು ತಗ್ಗಿಸಿಕೊಂಡರೆ ಮಂಡಿ ಪ್ರತಿ ತುಳಿತಕ್ಕೂ ಅತಿಯಾಗಿ ಮಡಚುತ್ತದೆ. ಪೆಡಲ್ ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟು ನೋಡಿ, ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಮಾತ್ರ ಬಾಗುತ್ತದೆ. ಮಳೆಯಲ್ಲಿ ಸ್ಟೀಲ್ ರಿಮ್ಮಿಗೆ ಬ್ರೇಕ್ ಹಿಡಿಯುವುದು ತೀರಾ ಕಡಿಮೆ. ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಬ್ರೇಕ್ ಒತ್ತಿ ರಿಮ್ ಒರೆಸಿಕೊಳ್ಳಿ.

ಇನ್ನು ಚೀಲದ ವಿಷಯ. ಬಲದ ವ್ಯಾಯಾಮಕ್ಕೆ ನಿಮ್ಮಲ್ಲಿರುವ ಅತ್ಯುತ್ತಮ ಸಾಧನ ಅಕ್ಕಿ ಚೀಲ, ಬೆನ್ನು ಮುರಿಯುವುದೂ ಅದೇ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂದ ಮೇಲೆ ಮಿಲ್‌ನವರು 26 ಕೆಜಿ ಚೀಲ ತಂದರು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಲೆಕ್ಕದ ಪ್ರಕಾರ ಎಲ್ಲ ಅನುಕೂಲ ಕೂಡಿ ಬಂದಾಗಲೂ ಎತ್ತುವ ಮಿತಿ 23 ಕೆಜಿ. ಅಂದರೆ ಕೈ ಮೈಯಿಂದ 25 ಸೆಂಮೀ ಒಳಗೆ, ನೆಲದಿಂದ 75 ಸೆಂಮೀ ಎತ್ತರದಲ್ಲಿ ಇರಬೇಕು, ಸೊಂಟ ತಿರುಗಿರಬಾರದು. ಅದೇ ಚೀಲವನ್ನು 50 ಸೆಂಮೀ ಮುಂದಕ್ಕೆ ಚಾಚಿ ಹಿಡಿದರೆ ಮಿತಿ ಅರ್ಧಕ್ಕಿಳಿದು 11.5 ಕೆಜಿ ಆಗುತ್ತದೆ. ರ‍್ಯಾಕಿನ ಒಳಗಿನಿಂದ ಕೈಚಾಚಿ ಎಳೆದಾಗ ಬೆನ್ನು ಹಿಡಿದುಕೊಳ್ಳುವುದು ಇದಕ್ಕೇ.

ಆದ್ದರಿಂದ ಮೊದಲು ಜಾಗ ಸರಿಮಾಡಿ. ಅಕ್ಕಿ, ಗೋಧಿ ಚೀಲಗಳನ್ನು ನೆಲದ ಮೇಲೆ ಒಟ್ಟಬೇಡಿ. ಸಿಮೆಂಟ್ ಇಟ್ಟಿಗೆಯ ಮೇಲೆ ಹಲಗೆ ಹಾಸಿ ಮಂಡಿ ಎತ್ತರದ, ಅಂದರೆ 45-50 ಸೆಂಮೀ ಕಟ್ಟೆ ಮಾಡಿ. ಹೆಗ್ಗಣ, ತೇವದ ಕಾಟವೂ ತಪ್ಪುತ್ತದೆ. 50 ಕೆಜಿ ಸಕ್ಕರೆ ಚೀಲವನ್ನು ಒಬ್ಬರೇ ಎತ್ತುವ ಯೋಚನೆ ಬೇಡ. ಎರಡು ಚಕ್ರದ ಕೈಗಾಡಿ ಬಳಸಿ, ಇಲ್ಲವೇ ಇದ್ದಲ್ಲೇ ಬಿಚ್ಚಿ ಡಬ್ಬಕ್ಕೆ ಸುರಿದುಕೊಳ್ಳಿ.

ವಾರಕ್ಕೆ ಎರಡು ದಿನ, ಉದಾಹರಣೆಗೆ ಸೋಮವಾರ ಮತ್ತು ಗುರುವಾರ ಮಧ್ಯಾಹ್ನ 3ಕ್ಕೆ, ಗೋದಾಮಿನಿಂದ ಅಂಗಡಿಗೆ ಚೀಲ ತರುವ ಕೆಲಸವನ್ನು ವ್ಯಾಯಾಮವಾಗಿ ಮಾಡಿ. ಮೊದಲ ಎರಡು ವಾರ ಚೀಲಕ್ಕೆ 10 ಕೆಜಿ ಮಾತ್ರ ತುಂಬಿ, ಮುಂದಿನ ಎರಡು ವಾರ 15, ಆಮೇಲೆ 20. ಅಲ್ಲಿಗೇ ನಿಲ್ಲಿ, 26ರ ಪೂರ್ತಿ ಚೀಲ ಮೇಲೆ ಹೇಳಿದ 23ರ ಮಿತಿಯನ್ನು ಮೀರುತ್ತದೆ. ತೂಕದ ಯಂತ್ರ ಅಂಗಡಿಯಲ್ಲೇ ಇದೆ, ಅಂದಾಜು ಬೇಡ. ಐದು ಸಲ ಹೊತ್ತು ತನ್ನಿ, ಪ್ರತಿ ಸಲದ ನಡುವೆ ಒಂದೂವರೆ ನಿಮಿಷ ನಿಲ್ಲಿ. ಆ ಒಂದೂವರೆ ನಿಮಿಷ ಬಿಟ್ಟರೆ ಅದು ಮತ್ತೆ ಹಮಾಲಿಯೇ.

ಎತ್ತುವಾಗ ಪಾದಗಳು ಭುಜದಷ್ಟು ಅಗಲ, ಒಂದು ಸ್ವಲ್ಪ ಮುಂದೆ. ಕುಂಡೆಯನ್ನು ಹಿಂದಕ್ಕೆ ತಳ್ಳಿ ಮಂಡಿ ಮಡಚಿ, ಬೆನ್ನು ಗೂನಾಗದಂತೆ ಚೀಲವನ್ನು ಎದೆಗೆ ಅವುಚಿಕೊಳ್ಳಿ. ಒಂದು ಕೈ ಕೆಳಗಿನ ಮೂಲೆಗೆ, ಇನ್ನೊಂದು ಅದರ ಎದುರಿನ ಮೇಲಿನ ಮೂಲೆಗೆ. ಬಾಯಿಯ ಹೊಲಿಗೆ ಹಿಡಿದು ಎಳೆಯಬೇಡಿ, ಆ ದಾರ ಒಂದು ತುದಿ ಸಿಕ್ಕರೆ ಸರಸರ ಬಿಚ್ಚಿಕೊಳ್ಳುತ್ತದೆ. ಉಸಿರು ಬಿಡುತ್ತಾ ಏಳಿ. ಉಸಿರು ಬಿಗಿಹಿಡಿದರೆ ಬಿಪಿ ಒಮ್ಮೆಲೇ ಏರುತ್ತದೆ. ತಿರುಗಬೇಕಾದರೆ ಪಾದ ಕಿತ್ತಿಟ್ಟು ತಿರುಗಿ, ಸೊಂಟದಿಂದ ಹೊರಳಬೇಡಿ. ಪ್ಲಾಸ್ಟಿಕ್ ಚೀಲ ಬೆವರಿಗೆ ಜಾರುತ್ತದೆ, ಹೆಗಲ ಮೇಲಿನ ಟವೆಲ್‌ನಿಂದ ಕೈ ಒರೆಸಿಕೊಂಡೇ ಹಿಡಿಯಿರಿ. ಹವಾಯಿ ಚಪ್ಪಲಿ ಬೇಡ, ಎಣ್ಣೆ ಚೆಲ್ಲಿದ ನೆಲದಲ್ಲಂತೂ ಬೇಡವೇ ಬೇಡ. ಬೆರಳು ಮುಚ್ಚುವ, ತೆಳು ಅಟ್ಟೆಯ ಶೂ ಒಂದು ಜೊತೆ ಅಂಗಡಿಯಲ್ಲೇ ಇಟ್ಟಿರಿ.

ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಭಾರ ಎತ್ತಬಾರದು. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ನೀರು ಹೀರಿ ಉಬ್ಬಿರುತ್ತವೆ, ಬಗ್ಗಿದರೆ ಅವುಗಳ ಮೇಲೆ ಒತ್ತಡ ಹೆಚ್ಚು. ಕಿರಾಣಿಯವರ ಕಷ್ಟವೆಂದರೆ ಹಾಲಿನ ಕ್ರೇಟ್ ಬರುವುದೂ ಶಟರ್ ಎತ್ತುವುದೂ ಅದೇ ಹೊತ್ತಿಗೆ. ಅರ್ಧ ಲೀಟರಿನ 20 ಪ್ಯಾಕೆಟ್ ಇರುವ ಕ್ರೇಟ್ 10 ಕೆಜಿಗಿಂತ ಹೆಚ್ಚು ತೂಗುತ್ತದೆ. ಕ್ರೇಟನ್ನು ನೆಲಕ್ಕೆ ಇಳಿಸಲು ಬಿಡದೆ ಸೊಂಟದೆತ್ತರದ ಮೇಜಿನ ಮೇಲೆ ಇಡಿಸಿಕೊಳ್ಳಿ. ಶಟರಿನ ಎರಡೂ ಬದಿಯ ಪಟ್ಟಿಗೆ ತಿಂಗಳಿಗೊಮ್ಮೆ ಗ್ರೀಸ್ ಹಚ್ಚಿಸಿ, ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯಿಂದ ಹಿಡಿದು ಕಾಲಿನ ಬಲದಿಂದ ಏಳಿ.

ರ‍್ಯಾಕಿನ ಜೋಡಣೆಗೆ ಒಂದೇ ಸೂತ್ರ ಸಾಕು: ಭಾರದ್ದು ಹತ್ತಿರ, ಹಗುರದ್ದು ದೂರ. ಎಣ್ಣೆ ಟಿನ್, ಬೇಳೆ ಡಬ್ಬ ಸೊಂಟದ ಎತ್ತರಕ್ಕೆ, ಕೈಗೆಟುಕುವಂತೆ. ಉಪ್ಪಿನ ಪ್ಯಾಕೆಟ್, ಸೋಪು ಕೆಳಗಿನ ಸಾಲಿಗೆ. ಉಪ್ಪು, ಸೋಪು ಕೇಳಿದವರಿಗೆಲ್ಲ ಕುಕ್ಕರಿಸಿ ಎದ್ದು ಕೊಟ್ಟರೆ ದಿನಕ್ಕೆ ಮೂವತ್ತು ನಲವತ್ತು ಬೈಠಕ್ ತಾನಾಗಿಯೇ ಆಗುತ್ತದೆ. ಮಂಡಿ ನೋವಿದ್ದರೆ ಇದನ್ನು ಬಿಡಿ. ರಶ್ ಹೊತ್ತಿನಲ್ಲೂ ಬೇಡ, ಗಿರಾಕಿಯನ್ನು ಕಾಯಿಸುವ ವ್ಯಾಯಾಮ ಹೆಚ್ಚು ದಿನ ಉಳಿಯುವುದಿಲ್ಲ.

ಸ್ಟೂಲ್ ತೆಗೆದು ದಿನವಿಡೀ ನಿಲ್ಲುತ್ತೇನೆ ಎನ್ನುವುದು ಪ್ರಯೋಜನವಿಲ್ಲದ ಹಠ. ನಿಂತರೆ ಹೆಚ್ಚು ಕರಗುವ ಕ್ಯಾಲೊರಿ ಅತ್ಯಲ್ಪ, ಗಂಟೆಗಟ್ಟಲೆ ಅಲುಗಾಡದೆ ನಿಂತವರ ಕಾಲಿನ ನರ ಉಬ್ಬುತ್ತದೆ. ಕೂರುತ್ತಾ ಏಳುತ್ತಾ ಇರಿ. ನಿಂತಾಗ ಹಿಮ್ಮಡಿ ಎತ್ತಿ ಇಳಿಸಿ, ಒಮ್ಮೆಗೆ 15 ಸಲ.

ಊಟದ ನಂತರದ ಹತ್ತು ನಿಮಿಷಕ್ಕೆ ಬೆಲೆ ಹೆಚ್ಚು, ಊಟ ಆದ ಮೇಲಿನ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ಅದನ್ನು ಉದ್ರಿ ವಸೂಲಿಗೆ ಇಡಿ. ಫೋನಿನಲ್ಲಿ ಕೇಳಿದ್ದಕ್ಕಿಂತ ಮನೆಮುಂದೆ ನಿಂತು ನಗುತ್ತಾ ಕೇಳಿದ ಬಾಕಿ ಬೇಗ ಬರುತ್ತದೆ. ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆ ಸಾಧಾರಣ ಚುರುಕಿನದು. ಹೋಲ್‌ಸೇಲ್‌ನವರ ಜೊತೆ ರೇಟು ಮಾತಾಡುವುದನ್ನೂ ನಡೆಯುತ್ತಲೇ ಮಾಡಬಹುದು.

ಅಂಗಡಿ ಕೆಲಸದಲ್ಲಿ ಎತ್ತುವುದು, ಎಳೆಯುವುದು ಇದೆ, ತಳ್ಳುವುದು ಇಲ್ಲ. ಹಾಗಾಗಿ ಎದೆ, ತೋಳಿನ ಹಿಂಭಾಗ ಸೊರಗುತ್ತದೆ, ಭುಜ ಮುಂದಕ್ಕೆ ಬಾಗುತ್ತದೆ. ಚೀಲದ ದಿನಗಳಲ್ಲೇ ಗೋಡೆಗೆ ಕೈಯೂರಿ 10 ದಂಡದಂತೆ ಮೂರು ಸರ್ತಿ ಮಾಡಿ. ಸುಲಭ ಎನಿಸಿದ ಮೇಲೆ ಅಕ್ಕಿ ಕಟ್ಟೆಯ ಅಂಚಿಗೆ ಕೈಯೂರಿ. ಗಾಜಿನ ಶೋಕೇಸ್ ಮೇಲೆ ಮಾತ್ರ ಭಾರ ಹಾಕಬೇಡಿ.

ಶುರು ಮಾಡುವ ಮೊದಲು ಬಿಪಿ, ಶುಗರ್ ನೋಡಿಸಿ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದು ಉಚಿತ. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಳ್ಳುತ್ತಿದ್ದರೆ, ತೊಡೆಸಂದಿಯಲ್ಲಿ ಗಂಟು ಕಂಡರೆ, ಬೆನ್ನು ನೋವು ಕಾಲಿಗೆ ಇಳಿಯುತ್ತಿದ್ದರೆ ವೈದ್ಯರು ನೋಡುವವರೆಗೆ ಚೀಲ ಮುಟ್ಟಬೇಡಿ. ಪ್ರಗತಿ ಅಳೆಯಲು ತೂಕಕ್ಕಿಂತ ದರ್ಜಿಯ ಟೇಪು ವಾಸಿ. ಹೊಕ್ಕುಳ ಮಟ್ಟದ ಸುತ್ತಳತೆ ನಮ್ಮ ದೇಶದ ಗಂಡಸರಿಗೆ 90 ಸೆಂಮೀ, ಹೆಂಗಸರಿಗೆ 80 ಸೆಂಮೀ ಒಳಗಿರಬೇಕು. ಸೈಕಲ್ ನಿಮಿಷಗಳನ್ನು ಉದ್ರಿ ಪುಸ್ತಕದ ಕೊನೆಯ ಹಾಳೆಯಲ್ಲಿ ದಿನಾ ಬರೆದಿಡಿ.

ನೀವು ಸುತ್ತು ಹೋದಾಗಲೆಲ್ಲ ಮನೆಯವರು ಗಲ್ಲಾದಲ್ಲಿ ಕೂತೇ ಇರುತ್ತಾರೆ, ನಿಮ್ಮ ವ್ಯಾಯಾಮ ಹೆಚ್ಚಿದಷ್ಟೂ ಅವರು ಕೂರುವ ಹೊತ್ತು ಹೆಚ್ಚುತ್ತದೆ. ಅವರಿಗೂ ಅದೇ 150 ನಿಮಿಷ ಬೇಕು. ಅವರು ಒಪ್ಪಿದರೆ 5 ಗಂಟೆಯ ಸುತ್ತನ್ನು ಅವರಿಗೆ ಬಿಡಿ, ಬದಲಿಗೆ ಊಟದ ನಂತರದ ವಸೂಲಿ ನಡಿಗೆಯನ್ನು ನೀವು ಹತ್ತರಿಂದ ಹದಿನೈದು ನಿಮಿಷಕ್ಕೆ ಏರಿಸಿಕೊಳ್ಳಿ. ಲೇಡೀಸ್ ಸೈಕಲ್ ಕೊಳ್ಳಿ ಎಂದದ್ದು ಇದಕ್ಕೂ ಸೇರಿ. ಸೀಟಿನ ಬೋಲ್ಟಿಗೆ ಕೈಯಲ್ಲೇ ತಿರುಗಿಸುವ ಲಿವರ್ ಹಾಕಿಸಿಕೊಂಡರೆ, ಯಾರು ಹೊರಟರೂ ಅರ್ಧ ನಿಮಿಷದಲ್ಲಿ ಎತ್ತರ ಸರಿಮಾಡಿಕೊಳ್ಳಬಹುದು.