ಓದುಗರ ಪ್ರಶ್ನೆ: ಪುಸ್ತಕ ಆಮೇಲೆ ಆಗಲಿ, ಮೊದಲು ಒಂದು ಕಥೆ ಮುಗಿಸಿ

ಈ ಸಲ ಬಂದ ಪತ್ರಗಳಲ್ಲಿ ಕಥೆ, ಕವಿತೆ ಬರೆಯುವವರದ್ದೇ ಜಾಸ್ತಿ. ಅದರಲ್ಲಿ ಮೂರು ಆರಿಸಿದ್ದೇನೆ. ಮೂವರೂ ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ಜೇವರ್ಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ. ಮನೆ ಕಲಬುರಗಿಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು. ಕಾಲೇಜಿನಿಂದಲೂ ಕಥೆ ಬರೆಯುವ ಹುಚ್ಚು. ನೋಟ್‌ಬುಕ್ಕಿನ ತುಂಬ ಅರ್ಧಕ್ಕೆ ನಿಂತ ಕಥೆಗಳೇ. ಬೆಳಿಗ್ಗೆ ಐದಕ್ಕೆ ಎದ್ದು ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ, ನನ್ನ ಕೈಲಿ ಆಗ್ತಿಲ್ಲ. ಮುಂದಿನ ವರ್ಷದೊಳಗೆ ಸ್ವಂತ ಖರ್ಚಿನಲ್ಲಿ ಒಂದು ಸಂಕಲನ ತರುವ ಆಸೆ. ಸಮಯ ಎಲ್ಲಿಂದ ತರಲಿ? (ಕಲಬುರಗಿ)

ಉತ್ತರ: ತಂಗಿ, ಐದಕ್ಕೆ ಎದ್ದು ಬರೆಯಿರಿ ಅನ್ನುವವರ ಮನೆಯಲ್ಲಿ ರೊಟ್ಟಿ ಬಡಿಯುವವರು ಬೇರೆ ಯಾರೋ ಇರುತ್ತಾರೆ. ನಮ್ಮ ಕಡೆ ಬೆಳಗಿನ ಹೊತ್ತು ರೊಟ್ಟಿಗೆ, ಮಕ್ಕಳ ಡಬ್ಬಿಗೆ, ನಳ ಬರುವ ದಿನವಾದರೆ ಕೊಡಗಳಿಗೆ. ಅದರ ನಡುವೆ ಕಥೆಯನ್ನೂ ತುರುಕಿದರೆ ಮೂರು ದಿನ ನಡೆಯುತ್ತದೆ, ನಾಲ್ಕನೇ ದಿನ ಆಫೀಸಿನ ಟೇಬಲ್ ಮೇಲೆ ನಿದ್ದೆ ಬರುತ್ತದೆ. ಆ ಸಲಹೆಯನ್ನು ಬಿಟ್ಟುಬಿಡಿ.

ನಿಮಗೆ ಒಂದು ತಾಸು ಇಡಿಯಾಗಿ ಸಿಗುವುದಿಲ್ಲ. ಅದಕ್ಕೆ ಕಾಯುತ್ತಾ ಕೂತರೆ ನಿವೃತ್ತಿಯೇ ಬರುತ್ತದೆ. ಇಪ್ಪತ್ತು ನಿಮಿಷ ಸಿಗುತ್ತದೆ, ಅದೂ ವಾರದಲ್ಲಿ ಎರಡು ಮೂರು ದಿನ. ಹಾಗಾಗಿ ಮೊದಲು ಯೋಚಿಸುವ ಕೆಲಸವನ್ನೂ ಬರೆಯುವ ಕೆಲಸವನ್ನೂ ಬೇರೆ ಮಾಡಿ. ಜೇವರ್ಗಿ ಬಸ್ಸು ಹೆಚ್ಚುಕಡಿಮೆ ಒಂದು ತಾಸಿನ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಖರ್ಚು ಹೋಯಿತು, ಜೊತೆಗೆ ಸೀಟೂ ಹೋಯಿತು. ನಿಂತುಕೊಂಡು ಬರೆಯಲು ಆಗುವುದಿಲ್ಲ, ಮೊಬೈಲಿಗೆ ಮಾತಾಡಿ ಬರೆಸೋಣ ಅಂದರೆ ಪಕ್ಕದವರು "ಏನಾತ್ರೀ ಅಕ್ಕೋರ" ಅಂತ ಗಾಬರಿಯಾಗುತ್ತಾರೆ. ಅಲ್ಲಿ ಒಂದೇ ಒಂದು ವಿಷಯ ತೀರ್ಮಾನ ಮಾಡಿ: ನಿಮ್ಮ ಕಥೆಯಲ್ಲಿ ಮುಂದೆ ಯಾರು ಏನು ಹೇಳುತ್ತಾರೆ. ಅಷ್ಟೇ. ಇಡೀ ಕಥೆಯ ಬಗ್ಗೆ ಯೋಚಿಸಬೇಡಿ. ಗಂಡನ ಮನೆಯಿಂದ ವಾಪಸ್ ಬಂದ ಮಗಳಿಗೆ ತಾಯಿ ಬಾಗಿಲಲ್ಲಿ ಮೊದಲು ಏನು ಕೇಳುತ್ತಾಳೆ, "ಯಾವಾಗ ಬಂದಿ" ಅಂತಲೋ "ಯಾವಾಗ ಹೋಗ್ತಿ" ಅಂತಲೋ, ಅದೊಂದು ಗೊತ್ತಾದರೆ ರಾತ್ರಿ ಕೂತಾಗ ಖಾಲಿ ಹಾಳೆ ನೋಡುವ ಹತ್ತು ನಿಮಿಷ ಉಳಿಯುತ್ತದೆ.

ಆ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು ಅಂದರೆ, ಅಡುಗೆ ಮನೆಯಿಂದಲೇ. ವಾರದಲ್ಲಿ ಎರಡು ರಾತ್ರಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಯಾರೂ ಸೊರಗುವುದಿಲ್ಲ. ಆ ಎರಡು ದಿನ ಮಕ್ಕಳ ಹೋಂವರ್ಕ್ ಯಜಮಾನರದ್ದು. ಇದನ್ನು ಕೇಳಿಕೊಳ್ಳಬೇಡಿ, ಹೇಳಿಬಿಡಿ. ಹೇಳುವಾಗ "ನಾನು ಬರೀಬೇಕು" ಅನ್ನುವುದಕ್ಕಿಂತ "ಸ್ಪರ್ಧೆಗೆ ಕಳಿಸಬೇಕು, ಇಂಥ ತಾರೀಖು ಕೊನೆ" ಅನ್ನಿ. ನಮ್ಮ ಮನೆಗಳಲ್ಲಿ ಬರೆಯುವುದನ್ನು ಯಾರೂ ಕೆಲಸ ಅಂದುಕೊಳ್ಳುವುದಿಲ್ಲ, ಆದರೆ ಕೊನೆಯ ತಾರೀಖಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಯಾಕೋ ಗೊತ್ತಿಲ್ಲ, ಕೊಡುತ್ತಾರೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಹಬ್ಬಕ್ಕೆ ಕೆಲವು ತಿಂಗಳು ಮುಂಚೆಯೇ ಕರೆ ಬರುತ್ತದೆ. ಅದನ್ನೇ ಹಿಡಿದುಕೊಳ್ಳಿ. ಒಂದು ಎಚ್ಚರಿಕೆ: ಸ್ಪರ್ಧೆಗೆ ಕಳಿಸುವ ಕಥೆಯನ್ನು ಫೇಸ್‌ಬುಕ್ಕಿಗೋ ಪ್ರತಿಲಿಪಿ ಆ್ಯಪ್‌ಗೋ ಹಾಕಬೇಡಿ. ಎಲ್ಲೂ ಪ್ರಕಟ ಆಗಿರಬಾರದು ಅನ್ನುವ ನಿಯಮ ಸಾಮಾನ್ಯವಾಗಿ ಇರುತ್ತದೆ.

ಅರ್ಧಕ್ಕೆ ನಿಂತ ಕಥೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ತೆಗೆದುಕೊಳ್ಳಿ, ಒಳ್ಳೆಯದನ್ನಲ್ಲ. ಉಳಿದವಕ್ಕೆ ಕೈ ಹಚ್ಚಬೇಡಿ. ಮೂವತ್ತು ಪುಟದ ಕಥೆಯೇ ಬರೆಯಬೇಕು ಅಂತ ಯಾರು ಹೇಳಿದರು? ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ಮಗ್ಗದವರು. ಮೋಳಿಗೆ ಮಾರಯ್ಯ ಕಲ್ಯಾಣದಲ್ಲಿ ಕಟ್ಟಿಗೆ ಮಾರುತ್ತಿದ್ದರು, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದರು. ಇವರೆಲ್ಲ ಬರೆದದ್ದು ದುಡಿಯುವ ಮನುಷ್ಯನ ಬಾಯಲ್ಲಿ ನಿಲ್ಲುವಷ್ಟು ಉದ್ದದ ವಚನಗಳನ್ನ. ನಿಮ್ಮ ದಿನಕ್ಕೆ ಹೊಂದುವ ಅಳತೆ ನಾಲ್ಕು ಪುಟದ ಕಥೆ ಆಗಿರಬಹುದು. ಅದನ್ನೇ ಬರೆದು ನೋಡಿ.

ಇನ್ನು ಸಂಕಲನ. ನನ್ನ ಅನುಭವದಲ್ಲಿ ಬರವಣಿಗೆಗಿಂತ ಜಾಸ್ತಿ ಸಮಯ ತಿನ್ನುವುದು ಪುಸ್ತಕ. ಟೈಪಿಂಗ್, ಮೂರು ಸಲ ಕರಡು ತಿದ್ದುವುದು, ಮುಖಪುಟ, ಬೆನ್ನುಡಿ, ಮುನ್ನುಡಿ ಬರೆದುಕೊಡುತ್ತೇನೆ ಅಂದವರ ಮನೆಗೆ ತಿರುಗುವುದು. ಮುನ್ನುಡಿ ಬೇಡವೇ ಬೇಡ, ಅರ್ಧ ಓಡಾಟ ಅಲ್ಲೇ ಉಳಿಯುತ್ತದೆ. ಬರೆಯುವ ತಿಂಗಳುಗಳಲ್ಲಿ ಪುಸ್ತಕದ ಮಾತೇ ಎತ್ತಬೇಡಿ. ಅದಕ್ಕೆ ನಿಮಗೆ ಏಪ್ರಿಲ್, ಮೇ ಇದೆಯಲ್ಲ. ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಆಗುತ್ತದೆ, ನಿಮಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ಮೂರು ಗಂಟೆಗೆ ಮನೆ. ಆ ಬಿಸಿಲಿಗೆ ಯಾರೂ ಮನೆಗೆ ಬರುವುದಿಲ್ಲ, ನೀವೂ ಎಲ್ಲಿಗೂ ಹೋಗುವುದಿಲ್ಲ, ಮಕ್ಕಳು ಕೂಲರ್ ಮುಂದೆ ಮಲಗಿರುತ್ತಾರೆ. ಕರಡು ತಿದ್ದಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಈ ಬೇಸಿಗೆಗೆ ಎಂಟು ಕಥೆ ಮುಗಿದಿರದಿದ್ದರೆ ಮುಂದಿನ ಬೇಸಿಗೆ. ಅವಸರ ಯಾರಿಗಿದೆ?

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತೇನೆ. ಗಿರಾಕಿ ಇಲ್ಲದಾಗ ಮೊಬೈಲಿನಲ್ಲಿ ಕವಿತೆ ಬರೆಯುತ್ತೇನೆ, ಒಂದು ಪುಸ್ತಕಕ್ಕೆ ಆಗುವಷ್ಟಾಗಿವೆ. ಒಂದು ಕಂಪನಿಯವರು 40 ಸಾವಿರ ಕೊಟ್ಟರೆ ಐಎಸ್‌ಬಿಎನ್, ಮುಖಪುಟ, ಆನ್‌ಲೈನ್ ಮಾರಾಟ, ಜೊತೆಗೆ ಒಂದು ಪ್ರಶಸ್ತಿ ಪತ್ರ ಎಲ್ಲ ಕೊಡುತ್ತೇವೆ ಅಂದಿದ್ದಾರೆ. ಊರಿನ ಪ್ರೆಸ್ಸಿನವರು ಸಾವಿರ ಪ್ರತಿ ಹಾಕಿಸು, ಅಗ್ಗ ಬೀಳುತ್ತದೆ ಅನ್ನುತ್ತಾರೆ. ಯಾವುದು ಮಾಡಲಿ? (ಸುರಪುರ)

ಉತ್ತರ: ಎರಡೂ ಬೇಡ ತಮ್ಮಾ. ದುಡ್ಡು ತಗೊಂಡು ಪ್ರಶಸ್ತಿ ಕೊಡುವವರಿಂದ ದೂರ ಇರು.

ಅವರು ಲೆಕ್ಕ ಹಾಕಿದ ಐಎಸ್‌ಬಿಎನ್‌ನಿಂದಲೇ ಶುರು ಮಾಡೋಣ. ಅದು ಪುಸ್ತಕವನ್ನು ಗುರುತಿಸಲು ಹಿಂಬದಿಯ ರಕ್ಷಾಪುಟದ ಮೇಲೆ ಹಾಕುವ 13 ಅಂಕಿಯ ಸಂಖ್ಯೆ. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿನ ರಾಜಾ ರಾಮಮೋಹನ ರಾಯ್ ಏಜೆನ್ಸಿ, ಅದೂ ಪುಕ್ಕಟೆ. ಆನ್‌ಲೈನ್‌ನಲ್ಲಿ ಲೇಖಕ ತನ್ನ ಹೆಸರಿನಲ್ಲೇ ಅರ್ಜಿ ಹಾಕಬಹುದು. ಗುರುತಿನ ಚೀಟಿ, ಶೀರ್ಷಿಕೆ ಪುಟ ಇಂಥವನ್ನು ಕೇಳುತ್ತಾರೆ. ಸ್ವಲ್ಪ ತಾಳ್ಮೆ ಬೇಕು, ದುಡ್ಡು ಬೇಡ.

ಪ್ರೆಸ್ಸಿನವರು ಹೇಳಿದ್ದು ಸುಳ್ಳಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟ್ ಮಾಡುವ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹಾಗಾಗಿ ಪ್ರತಿ ಜಾಸ್ತಿ ಆದಷ್ಟೂ ಒಂದೊಂದರ ಬೆಲೆ ಇಳಿಯುತ್ತದೆ. ಆದರೆ ನೀನು ಒಂದೊಂದರ ಬೆಲೆ ಕಟ್ಟುವುದಿಲ್ಲ, ಒಟ್ಟು ಬಿಲ್ ಕಟ್ಟುತ್ತೀಯ. ಅಂಗಡಿಯಲ್ಲಿ ಕೂರುವ ಹುಡುಗ, ಅಗ್ಗ ಸಿಕ್ಕಿತು ಅಂತ ವರ್ಷಕ್ಕೆ ಹತ್ತು ಹೋಗುವ ಮಾಲನ್ನು ಸಾವಿರ ತರಿಸುತ್ತೀಯಾ? ಕವಿತೆ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳುವವರ ಹೆಸರನ್ನು ಒಂದು ಹಾಳೆಯ ಮೇಲೆ ಬರಿ. ಸುಮ್ನೆ ಕೊಟ್ಟರೆ ತಗೊಳ್ಳುವವರು ಬೇಡ. ಆ ಪಟ್ಟಿ ನೂರು ದಾಟದಿದ್ದರೆ ಡಿಜಿಟಲ್ ಮುದ್ರಣದಲ್ಲಿ ನೂರೇ ಹಾಕಿಸು, ಮುಗಿದ ಮೇಲೆ ಮತ್ತೆ ಹಾಕಿಸಬಹುದು. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕಿ ಕಳಿಸುವವರೂ ಇದ್ದಾರೆ, ಬೆಂಗಳೂರಿನ ಪೋಥಿ ಡಾಟ್ ಕಾಮ್ ಥರ. ಪ್ರತಿಯ ಬೆಲೆ ಜಾಸ್ತಿ ಬೀಳುತ್ತದೆ, ಮಂಚದ ಕೆಳಗೆ ಡಬ್ಬಿ ಇಡುವುದು ತಪ್ಪುತ್ತದೆ.

ಪುಟದ ಲೆಕ್ಕವನ್ನೂ ತಿಳಿದುಕೋ. ಡೆಮಿ 1/8 ಅಳತೆಯಲ್ಲಿ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು) ಅಂದರೆ 16 ಪುಟ. 96 ಪುಟ ಅಂದರೆ ಸರಿಯಾಗಿ 6 ಫಾರಂ. 99 ಆದರೆ ಇನ್ನೂ ಅರ್ಧ ಫಾರಂ ಸೇರಿ 104 ಪುಟದ ಖರ್ಚು, ಕೊನೆಗೆ ಐದು ಖಾಲಿ ಪುಟ. ಮೂರು ಸಾಧಾರಣ ಕವಿತೆ ತೆಗೆದುಹಾಕಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಈಗ ಮುಖ್ಯ ಮಾತು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸು 18ರಿಂದ 35. ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಹಸ್ತಪ್ರತಿ ಕಳಿಸಬೇಕು. ಚೊಚ್ಚಲ ಅಂದ ಮೇಲೆ ಗೊತ್ತಾಯಿತಲ್ಲ, ಈಗ ಅವಸರದಲ್ಲಿ 40 ಸಾವಿರದ ಪ್ಯಾಕೇಜ್ ತಗೊಂಡರೆ ಈ ಬಾಗಿಲು ನಿನಗೆ ಮುಚ್ಚಿಹೋಗುತ್ತದೆ. ಮೊದಲು ಅಲ್ಲಿಗೆ ಅರ್ಜಿ ಹಾಕು. ಆಗದಿದ್ದರೆ ನೂರು ಪ್ರತಿ ಹಾಕಿಸುವ ದಾರಿ ಎಲ್ಲಿಗೂ ಹೋಗುವುದಿಲ್ಲ. ಬಿಡುಗಡೆ ಸಮಾರಂಭಕ್ಕೆ ಮಾತ್ರ ದುಡ್ಡು ಹಾಕಬೇಡ. ಹಾರ, ಶಾಲು, ಮೈಕು, ಉಪ್ಪಿಟ್ಟು ಅಂತ ಸೇರಿಸುತ್ತಾ ಹೋದರೆ ಅಚ್ಚಿನ ಖರ್ಚನ್ನೂ ಮೀರುತ್ತದೆ, ಬಂದವರಲ್ಲಿ ಕೊಳ್ಳುವವರು ನಾಲ್ಕೇ ಜನ. ಬೇಕಾದರೆ ನಿನ್ನ ಅಂಗಡಿ ಕಟ್ಟೆಯ ಮೇಲೆ ಗೆಳೆಯರನ್ನು ಕೂರಿಸಿಕೊಂಡು ಓದು, ಚಹಾ ಕುಡಿಸು.

ಪ್ರಶ್ನೆ: ತಾಯಿ, ಶರಣು. ನಾನು ನಿವೃತ್ತ ಶಿಕ್ಷಕ. ಔರಾದ ಕಡೆಯ ನಮ್ಮೂರಿನ ಬಾಲ್ಯದ ನೆನಪುಗಳನ್ನು ಕೈಯಲ್ಲಿ ಬರೆದಿಟ್ಟಿದ್ದೇನೆ. ಟೈಪಿಂಗ್‌ಗೆ ಕೊಟ್ಟರೆ ನಮ್ಮ ಭಾಷೆಯನ್ನೆಲ್ಲ ತಿದ್ದಿ ಕೊಟ್ಟರು, ಒತ್ತಕ್ಷರ ಬೇರೆ ಎಲ್ಲೆಲ್ಲೋ ಹೋಗಿವೆ. ಕಾಪಿರೈಟ್ ನೋಂದಣಿ ಮಾಡಿಸದೆ ಪುಸ್ತಕ ತರಬಹುದೇ? ಗ್ರಂಥಾಲಯ ಇಲಾಖೆ ಕೊಳ್ಳುತ್ತದೆಯೇ? ನನ್ನ ಹಸ್ತಪ್ರತಿಯನ್ನು ನೀವು ಒಮ್ಮೆ ಓದುತ್ತೀರಾ? (ಬೀದರ್)

ಉತ್ತರ: ಗುರುಗಳೇ, ಶರಣು. ಇಲ್ಲಿ ಎರಡು ತೊಂದರೆ ಬೆರೆತಿವೆ. ಒತ್ತಕ್ಷರ ಹೋಗಿದ್ದು ಫಾಂಟಿನ ಕಾರಣಕ್ಕೆ. ಹಲವು ಪ್ರೆಸ್‌ಗಳಲ್ಲಿ ಇನ್ನೂ ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳೇ ನಡೆಯುತ್ತವೆ. ಯೂನಿಕೋಡ್‌ನಲ್ಲಿ (ಮೊಬೈಲು, ಕಂಪ್ಯೂಟರು ಎಲ್ಲದರಲ್ಲೂ ನಡೆಯುವ ಅಕ್ಷರ ಸಂಕೇತ) ಟೈಪ್ ಮಾಡಿದ್ದನ್ನು ಅದಕ್ಕೆ ಬದಲಾಯಿಸುವಾಗ "ಆಫೀಸ್‌ನಲ್ಲಿ" ಅನ್ನುವುದು "ಆಫೀಸ್ನಲ್ಲಿ" ಆಗಿಬಿಡುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಯೂನಿಕೋಡ್‌ನಲ್ಲೇ ಪುಟ ವಿನ್ಯಾಸ ಮಾಡುವವರನ್ನು ಹುಡುಕಿ. ಸಿಗದಿದ್ದರೆ ಬದಲಾಯಿಸಿದ ಮೇಲಿನ ಪ್ರತಿಯನ್ನೇ ಕಾಗದದ ಮೇಲೆ ತೆಗೆಸಿ ತಿದ್ದಿ. ಮೊದಲೇ ತಿದ್ದಿದರೆ ಎರಡು ಸಲ ಕೆಲಸ.

ಭಾಷೆಯದು ಬೇರೆ. ನೀವು "ಹೋಗ್ಯಾನ" ಅಂತ ಬರೆದರೆ ಟೈಪ್ ಮಾಡುವ ಹುಡುಗ "ಹೋಗಿದ್ದಾನೆ" ಮಾಡುತ್ತಾನೆ, ಪಾಪ, ಮೇಷ್ಟ್ರ ತಪ್ಪು ತಿದ್ದಿ ಉಪಕಾರ ಮಾಡಿದೆ ಅಂದುಕೊಂಡು. ಮೊದಲ ಹಾಳೆಯ ಮೇಲೆ "ಇದ್ದದ್ದು ಇದ್ದಹಾಗೆ ಟೈಪ್ ಮಾಡಿ" ಅಂತ ಕೆಂಪು ಶಾಯಿಯಲ್ಲಿ ಬರೆಯಿರಿ. ನಿಮ್ಮ ಕಡೆಯ ಮರಾಠಿ, ಉರ್ದು ಬೆರೆತ ಮಾತುಗಳ ಪಟ್ಟಿಯನ್ನೂ ಜೊತೆಗೆ ಕೊಡಿ. ಪುಸ್ತಕದ ಕೊನೆಗೂ ಅದು ಆಗುತ್ತದೆ.

ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ. 1957ರ ಕಾಯ್ದೆ ಪ್ರಕಾರ ಬರೆದಾಗಲೇ ಹಕ್ಕು ನಿಮ್ಮದು, ನಿಮ್ಮ ನಂತರ 60 ವರ್ಷ ವಾರಸುದಾರರದು. ಪ್ರಕಾಶಕರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರೇ ಇರಲಿ, ಮುದ್ರಕರ ಹೆಸರೂ ಇರಲಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆ ಮಾಡುವವರು ಬಹಳ ಜನ ಇದನ್ನು ಮರೆಯುತ್ತಾರೆ. ಅಂಚೆಯಲ್ಲಿ 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಪುಸ್ತಕಗಳಿಗೇ ಶುರುವಾಗಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100. ಓದುಗರಿಗೆ ಕಳಿಸಲೂ ಅನುಕೂಲ.

ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆಯುತ್ತದೆ, ಹಾಕಿ. ಆಯ್ಕೆ ಆದರೆ ಆಯಿತು. ಆ ದುಡ್ಡನ್ನು ನಂಬಿಕೊಂಡು ಸಾಲ ಮಾತ್ರ ಮಾಡಬೇಡಿ. ನಿಮ್ಮೂರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಊರಿನ ಗ್ರಂಥಾಲಯಕ್ಕೆ, ಎರಡು ಪ್ರತಿ ನೀವೇ ಕೊಟ್ಟುಬಿಡಿ.

ಹಸ್ತಪ್ರತಿ ಓದುತ್ತೀರಾ ಅಂತ ಕೊನೆಗೆ ಕೇಳಿದ್ದೀರಿ. ಖಂಡಿತ ಓದುತ್ತೇನೆ. ಮೂಲ ಪ್ರತಿ ಕಳಿಸಬೇಡಿ, ಜೆರಾಕ್ಸ್ ಮಾಡಿಸಿ ಕಳಿಸಿ.